ಸೀಸವಿಲ್ಲದ ಸೀಸದ ಕಡ್ಡಿ

ಪೆನ್ಸಿಲ್ಲಿಗೆ ಹಳಬರು ಸೀಸದ ಕಡ್ಡಿ ಎನ್ನುತ್ತಿದ್ದರು. ಅದರಲ್ಲಿ ಸೀಸದ ಸುಳಿವೂ ಇಲ್ಲ. ಇರುವುದು ಗ್ರಾಫೈಟ್, ಜೊತೆಗೆ ಒಂದಿಷ್ಟು ಜೇಡಿಮಣ್ಣು. ಗ್ರಾಫೈಟ್ ಎಂದರೆ ಇಂಗಾಲ ಎಂದು ಷೀಲೆ ಎಂಬ ರಸಾಯನ ವಿಜ್ಞಾನಿ 1779ರಲ್ಲೇ ತೋರಿಸಿದ್ದ. ಹಳೆಯ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಮೊನ್ನೆ ಫೋನಿನಲ್ಲಿ ಮಾತಾಡುತ್ತಾ ಯಾರದೋ ನಂಬರ್ ಬರೆದುಕೊಂಡೆ. ಆಮೇಲೆ ಸುಮ್ನೆ ಅದರ ಸುತ್ತ ಗೀಚುತ್ತಾ ಹೋದೆ. ಮಾತು ಮುಗಿಯುವಷ್ಟರಲ್ಲಿ ಅರ್ಧ ಹಾಳೆ ಕಪ್ಪು, ಬೆರಳೂ ಕಪ್ಪು. ಹಾಳೆ ತಾಗಿದ್ದೇ ತಡ ಹೀಗೆ ಉದುರುತ್ತದಲ್ಲ, ಇದರ ಪರಮಾಣುಗಳಿಗೆ ಒಂದನ್ನೊಂದು ಕಂಡರೆ ಆಗುವುದಿಲ್ಲವೇ ಅನ್ನಿಸಿತು.

ಆಗುತ್ತದೆ. ಜಾಸ್ತಿಯೇ ಆಗುತ್ತದೆ.

ಇಂಗಾಲಕ್ಕೆ ನಾಲ್ಕು ಕೈ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಕೈ ಎಂದರೆ ಹೊರಸುತ್ತಿನ ನಾಲ್ಕು ಎಲೆಕ್ಟ್ರಾನ್. ನೀನೊಂದು ಹಾಕು, ನಾನೊಂದು ಹಾಕುತ್ತೇನೆ, ಜೋಡಿ ಇಬ್ಬರಿಗೂ ಇರಲಿ. ಹಾಗೆ ಹಂಚಿಕೊಂಡರೆ ಒಂದು ಬಂಧ. 1916ರಲ್ಲಿ ಲೂಯಿಸ್ ಎಂಬ ರಸಾಯನ ವಿಜ್ಞಾನಿ ಹೇಳಿದ್ದೂ ಈ ಜೋಡಿಯ ಮಾತನ್ನೇ. ಎರಡು ಚುಕ್ಕೆ ಇಟ್ಟು ತೋರಿಸಿದ. ಆ ಚುಕ್ಕೆಗಳಿಂದ ನಾನು ಮಾರ್ಕ್ಸ್ ಕಳೆದುಕೊಂಡದ್ದು ಬೇರೆ ಕತೆ.

ಕೈ ಹಿಡಿಯುವ ಕತೆ ಚೆಂದ. ಆದರೆ ಪರಮಾಣುವಿಗೆ ಕೊಡುವ ಮನಸ್ಸೂ ಇಲ್ಲ, ಹಂಚುವ ಮನಸ್ಸೂ ಇಲ್ಲ. ಎರಡು ಹತ್ತಿರ ಬಂದಾಗ ಇದರ ಎಲೆಕ್ಟ್ರಾನನ್ನು ಅದರ ನಡುವಿನ ತಿರುಳಾದ ನ್ಯೂಕ್ಲಿಯಸ್ಸೂ ಎಳೆಯುತ್ತದೆ. ಒಟ್ಟು ಶಕ್ತಿ ಇಳಿಯುತ್ತದೆ, ಇಳಿದಷ್ಟು ಹೊರಗೆ ಹೋಗುತ್ತದೆ. ಹಾಗಂತ ತೀರಾ ಮೈಮೇಲೆ ಬಿದ್ದರೆ ಎರಡು ನ್ಯೂಕ್ಲಿಯಸ್ಸುಗಳು ಒಂದನ್ನೊಂದು ತಳ್ಳುತ್ತವೆ. ಎಳೆದಾಟ, ತಳ್ಳಾಟ ಸರಿಸಮ ಆದಲ್ಲಿ ನಿಲ್ಲುತ್ತವೆ. ಬಂಧ ಎಂದೊಡನೆ ನನಗೆ ಹಗ್ಗ, ಗಂಟು ನೆನಪಾಗುತ್ತಿತ್ತು. ಈಗ ಗುಂಡಿಗೆ ಉರುಳಿ ಕೂತ ಗೋಲಿ ನೆನಪಾಗುತ್ತದೆ. ಮೇಲೆತ್ತಬೇಕಾದರೆ ನಾವೇ ಕಷ್ಟಪಡಬೇಕು. ಬಂಧ ಮುರಿದರೆ ಶಕ್ತಿ ಸಿಗುತ್ತದೆ ಎನ್ನುವವರು ಈಗಲೂ ಇದ್ದಾರೆ. ಅದು ಉಲ್ಟಾ. ಮುರಿಯಲು ಶಕ್ತಿ ಬೇಕು, ಕೂಡಿದಾಗ ಸಿಗುತ್ತದೆ.

ವಜ್ರವೂ ಇಂಗಾಲವೇ ಅಲ್ವಾ? ಅಲ್ಲಿ ಒಂದೊಂದು ಪರಮಾಣುವೂ ನಾಲ್ಕು ದಿಕ್ಕಿಗೆ ನಾಲ್ಕನ್ನು ಹಿಡಿದಿದೆ. ನಡುವಿನ ದೂರ 154 ಪಿಕೋಮೀಟರ್. ಒಂದು ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲು ಪಿಕೋಮೀಟರ್. ಗ್ರಾಫೈಟಿನಲ್ಲಿ ಹಿಡಿಯುವುದು ಮೂರನ್ನೇ, ಅದೂ ಒಂದೇ ಸಮತಟ್ಟಿನಲ್ಲಿ, ಪದರ ಪದರವಾಗಿ. ದೂರ 142. ಅಂದರೆ ಪದರದೊಳಗಿನ ಹಿಡಿತ ವಜ್ರದ್ದಕ್ಕಿಂತ ಬಿಗಿ! ಇದನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪಿರಬೇಕು ಎಂದುಕೊಂಡಿದ್ದೆ. ಉಳಿದ ನಾಲ್ಕನೆಯ ಎಲೆಕ್ಟ್ರಾನ್ ಪದರದ ತುಂಬ ಅಲೆಯುತ್ತದೆ. ಅದಕ್ಕೇ ಗ್ರಾಫೈಟಿನಲ್ಲಿ ಕರೆಂಟ್ ಹರಿಯುತ್ತದೆ.

ಮತ್ತೆ ಉದುರುವುದು ಯಾಕೆ? ಪದರಕ್ಕೂ ಪದರಕ್ಕೂ ನಡುವೆ 335 ಪಿಕೋಮೀಟರ್. ಅಷ್ಟು ದೂರದಲ್ಲಿ ಹಂಚಿಕೆ ನಡೆಯುವುದಿಲ್ಲ, ಸಣ್ಣದೊಂದು ಸೆಳೆತ ಅಷ್ಟೇ. ಮನೆಯೊಳಗೆ ಒಬ್ಬರನ್ನೊಬ್ಬರು ಬಿಟ್ಟಿರದವರು ಪಕ್ಕದ ಮನೆಯವರನ್ನು ಕಂಡು ಒಂದು ಮುಗುಳ್ನಗೆ ಬೀರಿ ಒಳಗೆ ಹೋಗುತ್ತಾರಲ್ಲ, ಹಾಗೆ. ನಾನು ಗೀಚಿದಾಗ ಕಳಚಿದ್ದು ಹೆಚ್ಚಾಗಿ ಆ ಮುಗುಳ್ನಗೆಗಳು.

2004ರಲ್ಲಿ ಗೈಮ್, ನೊವೊಸೆಲೊವ್ ಎಂಬ ವಿಜ್ಞಾನಿಗಳು ಗ್ರಾಫೈಟಿಗೆ ಟೇಪ್ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ, ಕೊನೆಗೆ ಒಂದೇ ಪರಮಾಣು ದಪ್ಪದ ಪದರ ತೆಗೆದರು. ಅದೇ ಗ್ರಾಫೀನ್. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನಾನೂ ಗೀಚಿದ ಹಾಳೆಗೆ ಟೇಪ್ ಅಂಟಿಸಿ ಎಳೆದೆ. ಹಾಳೆಯೇ ಕಿತ್ತು ಬಂತು, ಬರೆದುಕೊಂಡಿದ್ದ ನಂಬರಿನ ಸಮೇತ.