ಸಿಗದ ಬೊಂಬೆಯೂ ಸಿಯರ್ಸ್ ಕ್ಯಾಟಲಾಗೂ

ಮೊನ್ನೆ ಶನಿವಾರ ಎದುರು ಮನೆಯ ಅಜ್ಜಿಯ ಗರಾಜ್ ಖಾಲಿ ಮಾಡಲು ಹೋಗಿದ್ದೆ. ಎಂಬತ್ತರ ಹತ್ತಿರದ ವಯಸ್ಸು, ಮಗನ ಊರಿಗೆ ಹೊರಟಿದ್ದಾರೆ. ರಟ್ಟಿನ ಪೆಟ್ಟಿಗೆಯೊಂದರ ತಳದಲ್ಲಿ ಹೊದಿಕೆ ಹರಿದ ದಪ್ಪ ಪುಸ್ತಕ ಸಿಕ್ಕಿತು. ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಕ್ರಿಸ್‌ಮಸ್ ಕ್ಯಾಟಲಾಗ್, 1950ರ ದಶಕದ್ದು. ಅಜ್ಜಿ ಅದನ್ನು ನನ್ನ ಕೈಯಿಂದ ಹೆಚ್ಚುಕಮ್ಮಿ ಕಿತ್ತುಕೊಂಡರು. ಅಲ್ಲೇ ಮಡಚುವ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಕೆಲಸ ಅಲ್ಲಿಗೆ ನಿಂತಿತು.

ಬೊಂಬೆಗಳ ಪುಟ ತೆರೆದರು. ಒಂದು ಬೊಂಬೆಯ ಸುತ್ತ ಪೆನ್ಸಿಲ್ಲಿನಲ್ಲಿ ನಾಲ್ಕೈದು ಸಲ ಗೀಚಿದ ಗುರುತು. "ಸಿಕ್ಕಿತಾ?" ಅಂತ ಕೇಳಿದೆ. "ಇಲ್ಲ, ಸ್ವೆಟರ್ ಬಂತು" ಅಂತ ನಕ್ಕರು. ಆ ಸ್ವೆಟರಿನ ಬಣ್ಣ ಅವರಿಗೆ ನೆನಪಿಲ್ಲ. ಬೊಂಬೆಯ ಬೆಲೆ ಮಾತ್ರ ಪುಟ ನೋಡುವ ಮೊದಲೇ ಹೇಳಿದರು!

ಆಮೇಲೆ ಅಜ್ಜಿಯ ಮಾತು ಶುರುವಾಯಿತು. ಆಗ ಎಲ್ಲ ಸರಳವಾಗಿತ್ತು, ಊರಿನ ಅಂಗಡಿಯವರು ಹೆಸರು ಹಿಡಿದು ಮಾತಾಡಿಸುತ್ತಿದ್ದರು, ಈಗ ಅಮೆಜಾನ್ ಬಂದು ಎಲ್ಲವನ್ನೂ ನುಂಗಿತು. ನಾನು ಷಿಕಾಗೋ ಪಕ್ಕದ ಈ ಊರಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕ್ಷೌರದಂಗಡಿಯಲ್ಲಿ, ಗ್ರಂಥಾಲಯದಲ್ಲಿ, ಆಸ್ಪತ್ರೆಯ ಕುರ್ಚಿಗಳಲ್ಲಿ. ತೊಡೆ ಮೇಲೆ ಸಿಯರ್ಸ್ ಕ್ಯಾಟಲಾಗ್ ಇಟ್ಟುಕೊಂಡೇ ಇದನ್ನು ಹೇಳಿದವರು ಮಾತ್ರ ಇವರೊಬ್ಬರೇ. ಅವರೆದುರು ತಲೆಯಾಡಿಸಿದೆ. ಇಲ್ಲಿ ಹೇಳಿಬಿಡುತ್ತೇನೆ.

ಸಿಯರ್ಸ್ ಅವತ್ತಿನ ಅಮೆಜಾನ್ ಅಲ್ವಾ?

ಶುರುವಾದದ್ದು 1886ರಲ್ಲಿ. ರಿಚರ್ಡ್ ಸಿಯರ್ಸ್ ಅಂತ ಮಿನೆಸೋಟದ ಸಣ್ಣ ರೈಲು ನಿಲ್ದಾಣದ ಏಜೆಂಟ್. ಊರಿನ ಆಭರಣದಂಗಡಿಯವನು ಬೇಡವೆಂದ ಒಂದು ಪೆಟ್ಟಿಗೆ ಜೇಬಿನ ಗಡಿಯಾರಗಳನ್ನು ಇವನು ತಾನೇ ಇಟ್ಟುಕೊಂಡು ಬೇರೆ ಏಜೆಂಟರ ಮೂಲಕ ಮಾರಿದ. ಹತ್ತು ವರ್ಷ ಕಳೆಯುವುದರೊಳಗೆ ಷಿಕಾಗೋದಲ್ಲಿ ಕೂತು ದೇಶಕ್ಕೆಲ್ಲ ಅಂಚೆಯಲ್ಲಿ ಸಾಮಾನು ಕಳಿಸುವ ಕಂಪನಿಯಾಗಿತ್ತು. 1896ರಲ್ಲಿ ಸರ್ಕಾರ ಹಳ್ಳಿಗಳ ಮನೆ ಬಾಗಿಲಿಗೇ ಅಂಚೆ ತಲುಪಿಸಲು ಶುರು ಮಾಡಿತು, 1913ರಲ್ಲಿ ಪಾರ್ಸೆಲ್ ಅಂಚೆ ಬಂತು. ಇವೆರಡೂ ಇಲ್ಲದಿದ್ದರೆ ಸಿಯರ್ಸ್ ಅಷ್ಟು ಬೆಳೆಯುತ್ತಿರಲಿಲ್ಲ. ಒಲೆ, ಹೊಲಿಗೆ ಯಂತ್ರ, ಪಿಟೀಲು, ಜೀವಂತ ಕೋಳಿಮರಿ, ಗೋರಿಕಲ್ಲು, ಎಲ್ಲ ಅದೇ ಪುಸ್ತಕದಲ್ಲಿ. ಹಳೇ ಕ್ಯಾಟಲಾಗಿನ ಹಾಳೆಗಳು ಹಿತ್ತಲ ಕಕ್ಕಸಿನಲ್ಲಿ ಉಪಯೋಗಕ್ಕೆ ಬರುತ್ತಿದ್ದವು ಅನ್ನುವುದನ್ನು ಇಲ್ಲಿನ ಅಜ್ಜಂದಿರು ಈಗಲೂ ಕಣ್ಣು ಮಿಟುಕಿಸಿ ಹೇಳುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಬೇರೆ. ನಿಮಗೆ ಬರುವ ಭಾಷೆಯಲ್ಲಿ ಬರೆಯಿರಿ, ಅಕ್ಷರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ, ಸಾಮಾನು ಕಳಿಸುತ್ತೇವೆ ಅಂತ ಆ ಕಾಲದ ಕ್ಯಾಟಲಾಗುಗಳಲ್ಲಿ ಅಚ್ಚು ಹಾಕಿರುತ್ತಿದ್ದರು. ಜರ್ಮನಿ, ಸ್ವೀಡನ್ನಿಂದ ಬಂದು ಬೇಸಾಯ ಮಾಡುತ್ತಿದ್ದವರಿಗೆ ಅದೆಷ್ಟು ಧೈರ್ಯ ಕೊಟ್ಟಿರಬೇಕು. ನಾನು ಬಂದ ಹೊಸತರಲ್ಲಿ ಫೋನಿನಲ್ಲಿ ಒಂದು ಪಿಜ್ಜಾ ಹೇಳಲು ನಾಲ್ಕು ಸಲ ಅಭ್ಯಾಸ ಮಾಡಿಕೊಳ್ಳುತ್ತಿದ್ದೆ. ಕನ್ನಡದಲ್ಲಿ ಬರೆದಿದ್ದರೆ ಏನು ಮಾಡುತ್ತಿದ್ದರೋ, ಅದು ಬೇರೆ ಮಾತು.

ಇದರಿಂದ ಹೊಟ್ಟೆ ಉರಿದದ್ದು ಯಾರಿಗೆ? ಅದೇ, ಹೆಸರು ಹಿಡಿದು ಮಾತಾಡಿಸುತ್ತಿದ್ದ ಊರಿನ ಅಂಗಡಿಯವರಿಗೆ. ಅವರಲ್ಲಿ ಬೆಲೆ ಅಚ್ಚಾಗಿರುತ್ತಿರಲಿಲ್ಲ, ಮುಖ ನೋಡಿ ಹೇಳುತ್ತಿದ್ದರು. ಕ್ಯಾಟಲಾಗಿನಲ್ಲಿ ಎಲ್ಲರಿಗೂ ಒಂದೇ ಬೆಲೆ. ಕೆಲವು ಊರುಗಳಲ್ಲಿ ವ್ಯಾಪಾರಿಗಳು ಜನರಿಂದ ಕ್ಯಾಟಲಾಗ್ ತರಿಸಿಕೊಂಡು ನಡುಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಊರಿನ ದುಡ್ಡು ಷಿಕಾಗೋಕ್ಕೆ ಹೋಗುತ್ತಿದೆ, ನಮ್ಮ ಬೀದಿ ಸಾಯುತ್ತಿದೆ ಅಂತ. ಇವತ್ತು ಅಜ್ಜಿ ಅಮೆಜಾನಿಗೆ ಬೈಯುವ ಮಾತೇ ಅದು. ಏನೂ ವ್ಯತ್ಯಾಸವಿಲ್ಲ.

ಹೆಸರು ಹಿಡಿದು ಮಾತಾಡಿಸುವುದಂತೂ ಎಲ್ಲರಿಗೂ ಹಿತವಾಗಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರು ಅಂಗಡಿಗೆ ಹೋದರೆ ಬಿಳಿಯರಿಗೆಲ್ಲ ಕೊಟ್ಟು ಮುಗಿಯುವ ತನಕ ಕಾಯಬೇಕಿತ್ತು. ಏನು ಕೊಳ್ಳಬೇಕು, ಎಷ್ಟು ಸಾಲ ಅನ್ನುವುದೂ ಅಂಗಡಿಯವನ ಕೈಲಿತ್ತು. ಕ್ಯಾಟಲಾಗಿಗೆ ಮೈಬಣ್ಣ ಕಾಣುವುದಿಲ್ಲ. ಊರಿನ ಅಂಚೆ ಕಚೇರಿ ಎಷ್ಟೋ ಕಡೆ ಅದೇ ಅಂಗಡಿಯೊಳಗೆ ಇರುತ್ತಿತ್ತು. ಅಲ್ಲಿಗೆ ಹೋಗಬೇಕಿಲ್ಲ, ಆರ್ಡರನ್ನು ಮನೆಗೆ ಬರುವ ಅಂಚೆಯವನ ಕೈಗೇ ಕೊಡಿ ಅಂತ ಸಿಯರ್ಸ್ ಹೇಳಿಕೊಟ್ಟಿತು. ರೇಗಿದ ವ್ಯಾಪಾರಿಗಳು ಸಿಯರ್ಸ್ ಕಪ್ಪುಜನರ ಕಂಪನಿ ಅಂತ ಗಾಳಿಸುದ್ದಿ ಹಬ್ಬಿಸಿದರು. ಕಂಪನಿಗೇನೂ ಸಮಾನತೆಯ ಕನಸಿರಲಿಲ್ಲ, ಅದಕ್ಕೆ ಬೇಕಿದ್ದದ್ದು ಗಿರಾಕಿ. ಆದರೆ ಆಮೇಲೆ ಅದನ್ನು ನಡೆಸಿದ ಜೂಲಿಯಸ್ ರೋಸೆನ್‌ವಾಲ್ಡ್ ಕಪ್ಪುಜನರ ಮಕ್ಕಳಿಗೆ ಅಂತ ದಕ್ಷಿಣದ ಹಳ್ಳಿಗಳಲ್ಲಿ ಸುಮಾರು 5,000 ಶಾಲೆ ಕಟ್ಟಲು ನೆರವಾದರು. ಅದಕ್ಕೆ ಆ ಹಳ್ಳಿಗಳವರೂ ತಮ್ಮ ದುಡ್ಡು, ದುಡಿಮೆ ಹಾಕಿದ್ದರು. ಹಳೇ ಕಾಲ ಚೆಂದ ಅಂತ ಮರುಗುವವರ ಬಾಯಲ್ಲಿ ಈ ಕಥೆ ಮಾತ್ರ ನಾನು ಕೇಳಿಲ್ಲ.

ಮನೆ ಕೂಡ ಮಾರುತ್ತಿದ್ದರು, ಗೊತ್ತಾ? ಇಡೀ ಮನೆ! 1908ರಿಂದ 1940ರ ತನಕ, 70,000ಕ್ಕೂ ಹೆಚ್ಚು. ಮರದ ತುಂಡುಗಳಿಗೆ ನಂಬರ್ ಹಾಕಿ, ಮೊಳೆ, ಕಿಟಕಿ, ಬಣ್ಣದ ಸಮೇತ ರೈಲಿನಲ್ಲಿ ಕಳಿಸುತ್ತಿದ್ದರು. ಜೊತೆಗೆ ಕಟ್ಟುವುದು ಹೇಗೆ ಅನ್ನುವ ಪುಸ್ತಕ. ಕೆಲವು ವರ್ಷಗಳ ಹಿಂದೆ ಸೇಂಟ್ ಲೂಯಿಸ್ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಕಾರ್ಲಿನ್‌ವಿಲ್ ಎಂಬ ಊರಿಗೆ ಕಾರು ತಿರುಗಿಸಿದ್ದೆ. 1918ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಗಣಿ ಕೆಲಸಗಾರರಿಗೆ ಅಂತ ಸಿಯರ್ಸ್‌ನಿಂದ ತರಿಸಿದ ಮನೆಗಳು ಬೀದಿಬೀದಿಯಾಗಿ ಇನ್ನೂ ನಿಂತಿವೆ. ಒಂದರ ಜಗಲಿಯಲ್ಲಿ ಒಬ್ಬರು ಕೂತಿದ್ದರು. ನಾನು ಫೋಟೊ ತೆಗೆಯುವುದನ್ನು ನೋಡಿ ಕೈಬೀಸಿದರು, ನನ್ನಂಥವರು ದಿನಾ ಬರುತ್ತಾರೋ ಏನೋ. ನೂರು ವರ್ಷದ ಪಾರ್ಸೆಲ್ ಒಳಗೆ ಸಂಸಾರ ನಡೆಯುತ್ತಿತ್ತು. ಹೆಂಡತಿ ಕಾರಿನಿಂದ ಇಳಿಯಲೇ ಇಲ್ಲ, ಮನೆ ನೋಡಲು ಇಷ್ಟು ದೂರ ಬರಬೇಕಿತ್ತಾ ಅಂದಳು.

ಇಲ್ಲೂ ಒಂದು ಮಾತು. ಸಿಯರ್ಸ್ ಆ ಮನೆಗಳಿಗೆ ಸಾಲವನ್ನೂ ಕೊಡುತ್ತಿತ್ತು. 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಕಂತು ಕಟ್ಟಲಾಗದ ಗಿರಾಕಿಗಳ ಮನೆಗಳನ್ನು ಅದೇ ಕಂಪನಿ ವಾಪಸ್ ಕಿತ್ತುಕೊಂಡಿತು. ಸರಳ ಕಾಲವಂತೆ.

ಅಷ್ಟಾದರೂ ಆ ಗರಾಜಿನಲ್ಲಿ ನನಗೂ ಗಂಟಲು ಕಟ್ಟಿತು. ಯಾಕೋ. ನಾನು ಆ ಕ್ಯಾಟಲಾಗ್ ಕಂಡವನಲ್ಲ. ಕಂಪನಿ ದೊಡ್ಡ ಕ್ಯಾಟಲಾಗನ್ನು ನಿಲ್ಲಿಸಿದ್ದು 1993ರಲ್ಲಿ, ನಾನಾಗ ಹಾಸನದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಮರುವರ್ಷವೇ ಅಮೆಜಾನ್ ಹುಟ್ಟಿತು. ನೂರು ವರ್ಷ ಅಂಚೆಯಲ್ಲಿ ಮಾರಿ ಪಳಗಿದವರು ಒಂದು ವರ್ಷ ಮೊದಲು ಕೈಬಿಟ್ಟರಲ್ಲ ಅಂತ ನನ್ನ ಆಫೀಸಿನವರು ಈಗಲೂ ನಗುತ್ತಾರೆ. ನಾನು ಬರುವ ಹೊತ್ತಿಗೆ ಸಿಯರ್ಸ್ ಅಂದರೆ ಮಾಲಿನ ಮೂಲೆಯಲ್ಲಿ ಫ್ರಿಜ್ಜು, ಸ್ಪ್ಯಾನರ್ ಸಿಗುವ ಅಂಗಡಿ. ಜೊತೆಗೆ ಷಿಕಾಗೋದ ಆ 110 ಮಹಡಿಯ ಸಿಯರ್ಸ್ ಟವರ್. ಅದು 2009ರಲ್ಲಿ ವಿಲಿಸ್ ಟವರ್ ಆಯಿತು. ನಮ್ಮ ಬಾಯಲ್ಲಿ ಇನ್ನೂ ಸಿಯರ್ಸ್ ಟವರೇ.

2018ರ ಅಕ್ಟೋಬರಿನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. ಮುಂದಿನ ತಿಂಗಳು ನಮ್ಮ ಅಂಚೆ ಪೆಟ್ಟಿಗೆಗೆ ಒಂದು ದಪ್ಪ ಪುಸ್ತಕ ಬಂತು. ಆಟದ ಸಾಮಾನಿನ ಕ್ಯಾಟಲಾಗ್, ಕಾಗದದ್ದು. ಕಳಿಸಿದ್ದು ಅಮೆಜಾನ್! ಮಗಳಿಗೆ ಆಗ ಒಂಬತ್ತು. ಐಪ್ಯಾಡ್ ಬಿಟ್ಟು ಒಂದು ವಾರ ಅದನ್ನು ಹಿಡಿದು ಸೋಫಾ ಮೇಲೆ ಬಿದ್ದುಕೊಂಡಿದ್ದಳು. ನೇರಳೆ ಸ್ಕೆಚ್ ಪೆನ್ನಿನಲ್ಲಿ ಮನಸ್ಸಿಗೆ ಬಂದದ್ದಕ್ಕೆಲ್ಲ ಸುತ್ತು ಹಾಕಿದಳು.

ಮೊನ್ನೆ ಶನಿವಾರ ರಾತ್ರಿ ಮಗಳಿಗೆ ಅಜ್ಜಿಯ ವಿಷಯ ಹೇಳಿದ ಮೇಲೆ ಆ ಅಮೆಜಾನ್ ಪುಸ್ತಕ ಎಲ್ಲಿದೆ ಅಂತ ಕೇಳಿದೆ. ಹುಡುಕಬೇಕಾಗಿ ಬರಲಿಲ್ಲ. ಅವಳ ಮಂಚದ ಕೆಳಗಿನ ಡಬ್ಬದಲ್ಲೇ ಇತ್ತು. ಇದರಲ್ಲಿ ಯಾವುದು ತೆಗೆದುಕೊಟ್ಟಿದ್ದೆವು ಅಂತ ಕೇಳಿದರೆ ಸ್ವಲ್ಪ ಯೋಚಿಸಿ, ನೆನಪಿಲ್ಲ ಅಂದಳು. ಆಮೇಲೆ ಪುಟ ತಿರುವಿ ಒಂದು ಚಿತ್ರದ ಮೇಲೆ ಬೆರಳಿಟ್ಟು, "ಇದು ಕೊಡಿಸಲಿಲ್ಲ ನೀವು" ಅಂದಳು.