ದೀಪಾವಳಿಗೆ ಊರಿಗೆ ಹೊರಡುವ ಮುಂಚೆ, ಮನೆಯಲ್ಲೇ ಟೈರ್ ಗಾಳಿ ನೋಡಿ

ಪುಣೆಯಲ್ಲಿರುವ ನಮ್ಮವರೆಲ್ಲ ಇನ್ನು ಬೆಳಗಾವಿ, ಹುಬ್ಬಳ್ಳಿ, ಬಾಗಲಕೋಟೆ ಕಡೆ ಹೊರಡುವ ಹೊತ್ತು. ಡೀಸೆಲ್ ಹಾಕಿಸುತ್ತೇವೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ ನೋಡುತ್ತೇವೆ. ಟೈರಿನ ಗಾಳಿಯನ್ನು ಮಾತ್ರ ಹೈವೇ ಪಂಪಿಗೆ ಬಿಡುತ್ತೇವೆ. ಇದು ತಪ್ಪು ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಖಂಬಾಟಕಿ ಘಾಟ್ ಇಳಿದು ಸಾತಾರಾ ಹತ್ತಿರ ನಿಲ್ಲಿಸುವ ಹೊತ್ತಿಗೆ ಟೈರ್ ಚೆನ್ನಾಗಿ ಬಿಸಿಯಾಗಿರುತ್ತದೆ. ಒಳಗಿನ ಒತ್ತಡವೂ ಏರಿರುತ್ತದೆ. ಕಾರಿಗೆ ಹೇಳಿದ ಅಂಕಿ ತಣ್ಣಗಿರುವ ಟೈರಿನದು. ಅದು 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂದುಕೊಳ್ಳಿ. ಬೆಳಿಗ್ಗೆ ತಣ್ಣಗಿದ್ದಾಗ 28 ಇದ್ದದ್ದು ಅಲ್ಲಿ 32 ತೋರಿಸಬಹುದು. ಪಂಪಿನ ಹುಡುಗ 'ಬರೋಬರ್ ಆಹೆ' (ಸರಿಯಾಗಿದೆ) ಅನ್ನುತ್ತಾನೆ, ನಾವು ನೆಮ್ಮದಿಯಿಂದ ಹೊರಡುತ್ತೇವೆ. ನಿಜವಾಗಿ ಗಾಳಿ ಕಡಿಮೆಯೇ ಇದೆ! ಇನ್ನು ಕೆಲವರು ಬಿಸಿ ಟೈರಿನಲ್ಲಿ 36 ಕಂಡ ಕೂಡಲೇ ಗಾಳಿ ಬಿಡಿಸುತ್ತಾರೆ. ಅದಂತೂ ಮಾಡಲೇಬೇಡಿ.

ಗಾಳಿ ಕಡಿಮೆಯಾದ ಟೈರ್ ಪ್ರತಿ ಸುತ್ತಿಗೂ ಪಕ್ಕದಲ್ಲಿ ಮಡಚಿಕೊಳ್ಳುತ್ತದೆ. ಮಡಚಿದಷ್ಟೂ ಬಿಸಿ. ಐದು ಜನ, ಡಿಕ್ಕಿ ತುಂಬ ಸಾಮಾನು, ಗಂಟೆಗಟ್ಟಲೆ ಒಂದೇ ಸ್ಪೀಡು. ಒಳಗಿನ ದಾರಗಳು ಸೋತು ಕೊನೆಗೆ ಟೈರ್ ಸಿಡಿಯುತ್ತದೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಟೈರ್ ಸಿಡಿದರೆ ಕಾಂಕ್ರೀಟ್ ರಸ್ತೆಯನ್ನು ಬೈಯುವವರೇ ಜಾಸ್ತಿ. ಬೈಯುವ ಮುಂಚೆ ಗಾಳಿ ಎಷ್ಟಿತ್ತು, ಟೈರ್ ಎಷ್ಟು ಹಳೆಯದು ಅಂತ ಕೇಳಬೇಕಲ್ವಾ? ಟೈರಿನ ಪಕ್ಕದಲ್ಲಿ 'DOT' ಅಂತ ಶುರುವಾಗುವ ಕೋಡಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರ್ ಮೇಲಿದೆ. ಅನೇಕ ಕಾರುಗಳಲ್ಲಿ ಫುಲ್ ಲೋಡಿಗೆ ಬೇರೆ ಅಂಕಿ ಇರುತ್ತದೆ, ಹಬ್ಬದ ಪ್ರಯಾಣಕ್ಕೆ ಅದನ್ನೇ ನೋಡಿ. ಟೈರಿನ ಮೇಲೆ ಬರೆದ 'ಮ್ಯಾಕ್ಸ್' ಆ ಟೈರ್ ತಾಳುವ ಮಿತಿ, ನಿಮ್ಮ ಕಾರಿಗೆ ಹೇಳಿದ ಅಳತೆಯಲ್ಲ.

ಕೆಲವು ನೂರು ರೂಪಾಯಿಗೆ ಒಳ್ಳೆ ಗೇಜ್ ಸಿಗುತ್ತದೆ. ಬೆಳಿಗ್ಗೆ ಕಾರು ತೆಗೆಯುವ ಮುಂಚೆಯೇ ಅಳೆಯಿರಿ. ಎಷ್ಟು ಕಡಿಮೆ ಇದೆಯೋ ಬರೆದುಕೊಳ್ಳಿ. ಹತ್ತಿರದ ಪಂಪಿನಲ್ಲಿ ಅಷ್ಟನ್ನೇ ಸೇರಿಸಿ. ಚಳಿ ಶುರುವಾದಾಗ ಇದು ಇನ್ನೂ ಮುಖ್ಯ. ಸುಮಾರು 5–6 ಡಿಗ್ರಿ ತಂಪಾದರೆ 1 ಪಿಎಸ್‌ಐ ಇಳಿಯುತ್ತದೆ. ಪಂಕ್ಚರ್ ಇಲ್ಲದಿದ್ದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ಸುಮ್ನೆ ಸೋರುತ್ತದೆ. 'ನಾನು ನೈಟ್ರೋಜನ್ ಹಾಕಿಸಿದ್ದೇನೆ' ಅನ್ನುವವರಿಗೂ ಈ ಮಾತು ಅನ್ವಯಿಸುತ್ತದೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಅದೇನು ಟೈರಿಗೆ ಬೀಗ ಹಾಕುವುದಿಲ್ಲ.

ಸ್ಟೆಪ್ನಿಯನ್ನೂ ನೋಡಿ.

ವಾಪಸ್ ಬರುವಾಗ ಕಾರು ಹೋಗುವಾಗಿನದಕ್ಕಿಂತ ಭಾರ ಇರುತ್ತದೆ. ಜೋಳದ ಚೀಲ, ಶೇಂಗಾ, ಖಾರದಪುಡಿ, ಕೊನೇ ಗಳಿಗೆಯಲ್ಲಿ ಅವ್ವ ತುರುಕುವ ಇನ್ನೊಂದು ಗಂಟು. ಹೊರಡುವ ದಿನ ಬೆಳಿಗ್ಗೆ ಊರಲ್ಲೂ ಒಮ್ಮೆ ಅಳೆಯಿರಿ. ಹತ್ತಿರದಲ್ಲಿ ಗಾಳಿ ಹಾಕುವ ಅಂಗಡಿ ಎಷ್ಟೊತ್ತಿಗೆ ತೆರೆಯುತ್ತದೆ ಅಂತ ಹಿಂದಿನ ಸಂಜೆಯೇ ವಿಚಾರಿಸಿಟ್ಟುಕೊಳ್ಳಿ.