ಸತ್ಯಾಂಶ: ಕೋರ್ಟಿನ ‘ಬಾರ್’ ಬ್ರಿಟಿಷರ ರಿಜಿಸ್ಟ್ರಿ ಅಲ್ಲ

ನಮ್ಮ ರಾಯಚೂರಿನ ವಾಟ್ಸ್‌ಆ್ಯಪ್ ಗುಂಪಿಗೆ ಆ ಸಂದೇಶ ಮತ್ತೆ ಬಂದಿದೆ. ‘ಬಾರ್ ಕೌನ್ಸಿಲ್‌ನ ಬಾರ್ ಅಂದರೆ ಬ್ರಿಟಿಷ್ ಅಕ್ರೆಡಿಟೇಶನ್ ರಿಜಿಸ್ಟ್ರಿ. ನಮ್ಮ ವಕೀಲರು ಇಂದಿಗೂ ಬ್ರಿಟಿಷರ ಆಳುಗಳು’ ಎಂದು ಅದರಲ್ಲಿದೆ. ಅಂದರೆ ಬಾರ್ (BAR) ಎಂಬುದು ಬ್ರಿಟಿಷರು ಮಾನ್ಯತೆ ಕೊಟ್ಟವರ ಪಟ್ಟಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಂತೆ. ಇದು ಸುಳ್ಳು.

ಬಾರ್ ಎಂಬುದು ಮೊದಲಕ್ಷರಗಳನ್ನು ಜೋಡಿಸಿ ಮಾಡಿದ ಪದವೇ ಅಲ್ಲ. ಅದು ಹಳೆ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂತು. ಅರ್ಥ ಅಡ್ಡಪಟ್ಟಿ, ತಡೆ. ಇಂಗ್ಲೆಂಡಿನ ಕೋರ್ಟುಗಳಲ್ಲಿ ನ್ಯಾಯಾಧೀಶರು ಕೂರುವ ಕಡೆಯನ್ನು ಒಂದು ಮರದ ಅಡ್ಡಪಟ್ಟಿ ಬೇರೆ ಮಾಡುತ್ತಿತ್ತು. ಅದೇ ಬಾರ್. ಅಲ್ಲಿ ನಿಂತು ವಾದಿಸಲು ಅನುಮತಿ ಪಡೆದವರು ಬ್ಯಾರಿಸ್ಟರ್. ಕೋರ್ಟಿನ ಈ ಅರ್ಥ 14ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಇಂಗ್ಲೆಂಡ್, ಸ್ಕಾಟ್ಲೆಂಡ್ ಸೇರಿ ಗ್ರೇಟ್ ಬ್ರಿಟನ್ ಆದದ್ದೇ 1707ರಲ್ಲಿ!

ನಮ್ಮ ಕನ್ನಡದಲ್ಲೂ ಹೀಗೇ ಆಗಿದೆ ಅಲ್ವಾ? ಕಟಕಟೆ ಅಂದರೆ ಬರೀ ಅಡ್ಡಗಟ್ಟಿದ ಕಂಬಿಸಾಲು. ಈಗ ಆ ಮಾತು ಕೇಳಿದರೆ ಮೊದಲು ಕೋರ್ಟೇ ಕಣ್ಮುಂದೆ ಬರುತ್ತದೆ. ಮದ್ಯದಂಗಡಿಯ ಬಾರ್ ಕೂಡ ಇದೇ ಪದ. ಅಲ್ಲಿ ಅದು ಗಿರಾಕಿಗೂ ಮಾರುವವನಿಗೂ ನಡುವಿನ ಅಡ್ಡಹಲಗೆ.

ಇನ್ನು ಆಳುಗಳು ಎಂಬ ಮಾತು. ಈಗಿನ ಬಾರ್ ಕೌನ್ಸಿಲ್, ಅಂದರೆ ವಕೀಲರ ಪರಿಷತ್ತು, ನಡೆಯುವುದು ನಮ್ಮ ಸಂಸತ್ತು ಮಾಡಿದ 1961ರ ವಕೀಲರ ಕಾಯ್ದೆಯಂತೆ. ವಕೀಲರ ಹೆಸರು ನೋಂದಾಯಿಸುವುದು ರಾಜ್ಯ ವಕೀಲರ ಪರಿಷತ್ತು. ದುಡಿಯುವ ವಕೀಲರ ಮೇಲೆ ಸುಮ್ನೆ ಇಂಥ ಮಾತು ಹೊರಿಸುವುದು ಅನ್ಯಾಯ.

ಪದ ಹೊರಗಿನದು ಎಂದ ಮಾತ್ರಕ್ಕೆ ಯಾರೂ ಆಳಾಗುವುದಿಲ್ಲ. ಹೊರಗಿನ ಪದಗಳು ನಮ್ಮ ಕೋರ್ಟಿನಲ್ಲಿ ಬೇಕಾದಷ್ಟಿವೆ. 1948ರವರೆಗೆ ನಿಜಾಮರ ಆಳ್ವಿಕೆ ಕಂಡ ಊರು ನಮ್ಮದು. ನಾವು ದಿನಾ ಆಡುವ ವಕೀಲ, ಜಾಮೀನು, ಅದಾಲತ್, ಸನ್ನದು (ವಕೀಲಿಕೆಯ ಪರವಾನಗಿ) ಇವೆಲ್ಲ ಅರಬ್ಬಿ ಮೂಲದವು.